ಸರಾಸರಿಯೊಳಗೆ ಕಾಣದ ಕೂಸು

ದಲಿತ ವಿಮರ್ಶೆ ಅಂದರೆ ಕಥೆ, ಕಾವ್ಯ ಓದುವುದಷ್ಟೇ ಅಂತ ನಾನು ಒಪ್ಪುವುದಿಲ್ಲ. ಸರ್ಕಾರದ ವರದಿಯೂ ಒಂದು ಪಠ್ಯವೇ. ಅದರಲ್ಲಿ ಯಾರು ಕಾಣುತ್ತಾರೆ, ಯಾರು ಕಾಣೆಯಾಗುತ್ತಾರೆ ಎಂದು ಕೇಳಲೇಬೇಕು.

ಶಿಶುಮರಣದ ಲೆಕ್ಕವನ್ನೇ ತಗೊಳ್ಳಿ. ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸಾಯುವವು ಎಷ್ಟು ಎಂಬುದು ಈ ದರ. 2020ರ ಮಾದರಿ ನೋಂದಣಿ ವರದಿಯಂತೆ ಕರ್ನಾಟಕದಲ್ಲಿ ಅದು 19. ಹೆಮ್ಮೆಪಡುವ ಅಂಕಿಯೇ. ಆದರೆ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇಡೀ ದೇಶದ ದರವನ್ನು ಜಾತಿವಾರು ಬಿಡಿಸಿದಾಗ ಪರಿಶಿಷ್ಟ ಜಾತಿಯಲ್ಲಿ 45, ‘ಇತರ’ರಲ್ಲಿ 32. ಮೊದಲ ವರದಿ ಜಾತಿ ಹೇಳುವುದಿಲ್ಲ. ಎರಡನೆಯದು ತಾಲ್ಲೂಕು ಹೇಳುವುದಿಲ್ಲ. ಈ ಎರಡರ ಸಂದಿಯಲ್ಲಿ ಶಿಕಾರಿಪುರದ ತಾಂಡಾ, ಸೊರಬದ ಕೇರಿ ಮಾಯವಾಗುತ್ತವೆ.

ಅಮೆರಿಕದಲ್ಲಿ 2022ರಲ್ಲಿ ಕಪ್ಪು ಜನರ ಕೂಸುಗಳಲ್ಲಿ ಈ ದರ ಸುಮಾರು 11, ಬಿಳಿಯರಲ್ಲಿ 4.5. ಅನ್ಯಾಯ ಅಲ್ಲೂ ಇದೆ. ಆದರೆ ವರ್ಷ ವರ್ಷವೂ ಎಣಿಸುವುದರಿಂದ ಆ ಅಂಕಿಯನ್ನು ಮುಂದಿಟ್ಟು ಜಗಳವಾಡಬಹುದು.

ಎಣಿಸುವುದು ನಮ್ಮಲ್ಲಿ ಯಾರಿಗೂ ಬರೋದಿಲ್ಲವೆ? ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತು ಮಲೆನಾಡಲ್ಲಿ ಮಂಗ ಸತ್ತ ಸುದ್ದಿ ಬಂದರೆ ಆರೋಗ್ಯ ಇಲಾಖೆ ಜಾಗ ಗುರುತು ಹಾಕಿಕೊಳ್ಳುತ್ತದೆ, ಸುತ್ತಲ ಹಳ್ಳಿಗೆ ಎಚ್ಚರಿಕೆ ಕೊಡುತ್ತದೆ. ಆ ಸಾವು ಮುನ್ಸೂಚನೆ ಅಂತ ಅದಕ್ಕೆ ಗೊತ್ತು. ಕೇರಿಯ ಕೂಸಿನ ಸಾವೂ ಮುನ್ಸೂಚನೆಯೇ. ಅದರ ಹಿಂದೆ ತಾಯಿಯ ರಕ್ತಹೀನತೆ, ತುಂಬು ಬಸುರಿಯ ಕೂಲಿ ದುಡಿತ, ತೂಕವಿಲ್ಲದ ಹುಟ್ಟು, ಕೆಟ್ಟ ನೀರು ಇರುತ್ತವೆ.

ಯೋಜನೆಗಳಿಲ್ಲ ಅಂತಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ 6 ಸಲ, ಮನೆಯಲ್ಲಾದರೆ 7 ಸಲ ಬರಬೇಕು. ಕೂಸನ್ನು ತೂಗಬೇಕು, ಬೆಚ್ಚಗಿಡುವುದನ್ನು, ಎದೆಹಾಲು ಕುಡಿಸುವುದನ್ನು ಹೇಳಿಕೊಡಬೇಕು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಅಂತ 2017ರಲ್ಲಿ ಮಾತೃಪೂರ್ಣ ಬಂತು. ಆದರೆ ಅಂಗನವಾಡಿ ಊರೊಳಗಿದ್ದರೆ ಕೇರಿಯ ಬಸುರಿ ಅಲ್ಲಿ ಎಲ್ಲರ ಸಾಲಿನಲ್ಲಿ ಕೂತು ಉಣ್ಣಬಲ್ಲಳೆ? ಕೂಲಿಗಾಗಿ ಗುಳೆ ಹೋದ ತಾಂಡಾದ ಬಾಣಂತಿಯನ್ನು ಹುಡುಕಿಕೊಂಡು ಆ ಆರು ಸಲ ಯಾರು ಹೋಗುತ್ತಾರೆ? ಎಲ್ಲರಿಗೂ ಒಂದೇ ಎನ್ನುವ ಯೋಜನೆ, ದಾರಿ ಇದ್ದವರ ಮನೆಯನ್ನೇ ಮೊದಲು ಮುಟ್ಟುತ್ತದೆ.

ಮಕ್ಕಳ ಸಾವಿನ ಪರಿಶೀಲನೆಗೆ 2014ರ ಕೇಂದ್ರದ ಮಾರ್ಗಸೂಚಿಯೇ ಇದೆ. ನಮ್ಮ ಸಂಘಟನೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಕೇಳಬೇಕಾದ್ದು ಇಷ್ಟೇ: ಈ ವರ್ಷ ಎಷ್ಟು ಕೂಸು ಸತ್ತವು, ಯಾವ ಕೇರಿಯಲ್ಲಿ, ಅಲ್ಲಿಗೆ ಎಷ್ಟು ಭೇಟಿ ಆಗಿತ್ತು? ಯಾರ ಹೆಸರೂ ಬೇಡ. ಲೆಕ್ಕ ಬೇಕು.