ಕಾಲೇಜು ಪಿಕಲ್‌ಬಾಲ್: ರ್‍ಯಾಲಿ ಗೆದ್ದರೂ ಅಂಕ ಸಿಗದ ಆಟದ ಲೆಕ್ಕಾಚಾರ

ಬೆಂಗಳೂರು: ಷಟಲ್ ಬ್ಯಾಡ್ಮಿಂಟನ್ ಆಡಿ ಬೆಳೆದ ವಿದ್ಯಾರ್ಥಿ ಮೊದಲ ಬಾರಿ ಪಿಕಲ್‌ಬಾಲ್ ಅಂಕಣಕ್ಕೆ ಇಳಿದಾಗ ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾನೆ. ನೆಟ್ ಬಳಿಗೆ ನುಗ್ಗಿ ಚೆಂಡನ್ನು ಗಾಳಿಯಲ್ಲೇ ಬಡಿಯುತ್ತಾನೆ. ಎದುರಾಳಿಯ ಸರ್ವ್‌ನಲ್ಲಿ ರ್‍ಯಾಲಿ ಗೆದ್ದು, ತನಗೊಂದು ಅಂಕ ಬಂತೆಂದು ಭಾವಿಸುತ್ತಾನೆ. ಮೊದಲನೆಯದು ತಪ್ಪು ಹೊಡೆತ. ಎರಡನೆಯದಕ್ಕೆ ಅಂಕವೇ ಇಲ್ಲ.

ಯಲಹಂಕ, ಹೆಬ್ಬಾಳ ಸೇರಿದಂತೆ ಉತ್ತರ ಬೆಂಗಳೂರಿನಲ್ಲಿ ಈ ಆಟದ ಅಂಕಣಗಳು ಹೆಚ್ಚುತ್ತಿವೆ. 1965ರಲ್ಲಿ ಅಮೆರಿಕದ ಸಿಯಾಟಲ್ ಸಮೀಪದ ಬೈನ್‌ಬ್ರಿಜ್ ದ್ವೀಪದಲ್ಲಿ ಹಳೆಯ ಬ್ಯಾಡ್ಮಿಂಟನ್ ಅಂಕಣವೊಂದರ ಮೇಲೆ ಹುಟ್ಟಿದ ಆಟವಿದು. ಮುಂಬೈನಲ್ಲಿ 2025ರ ಆರಂಭದಲ್ಲಿ ನಡೆದ ಚೊಚ್ಚಲ ವಿಶ್ವ ಪಿಕಲ್‌ಬಾಲ್ ಲೀಗ್‌ನಲ್ಲಿ ಬೆಂಗಳೂರು ಜವಾನ್ಸ್ ತಂಡ ಪ್ರಶಸ್ತಿ ಗೆದ್ದಿತು. ಅದೇ ವರ್ಷ ಕೇಂದ್ರ ಕ್ರೀಡಾ ಸಚಿವಾಲಯವು ಭಾರತೀಯ ಪಿಕಲ್‌ಬಾಲ್ ಸಂಸ್ಥೆಗೆ ರಾಷ್ಟ್ರೀಯ ಕ್ರೀಡಾ ಫೆಡರೇಷನ್‌ನ ಮಾನ್ಯತೆ ನೀಡಿತು.

ಅಂಕಣ ಅದೇ, ಗೆರೆ ಬೇರೆ

ಪಿಕಲ್‌ಬಾಲ್ ಅಂಕಣದ ಉದ್ದ 44 ಅಡಿ, ಅಗಲ 20 ಅಡಿ. ಬ್ಯಾಡ್ಮಿಂಟನ್ ಡಬಲ್ಸ್ ಅಂಕಣದ ಅಳತೆಯೂ ಇಷ್ಟೇ. ಹೀಗಾಗಿ ಒಳಾಂಗಣ ಬ್ಯಾಡ್ಮಿಂಟನ್ ಅಂಕಣವಿರುವ ಯಾವ ಕಾಲೇಜೂ ಪಂದ್ಯ ನಡೆಸಬಹುದು. ಆದರೆ ನೆಟ್ ಇಳಿಸಬೇಕು: ಅದರ ಎತ್ತರ ಎರಡೂ ಬದಿಯಲ್ಲಿ 36 ಅಂಗುಲ, ನಡುವೆ 34 ಅಂಗುಲ. ನೆಟ್‌ನ ಇಬ್ಬದಿಗೂ 7 ಅಡಿಯ ಪಟ್ಟಿಯೊಂದನ್ನು ಗುರುತಿಸಬೇಕು. ಬ್ಯಾಡ್ಮಿಂಟನ್‌ನ ಸರ್ವ್ ಗೆರೆ ಇರುವುದು ಆರೂವರೆ ಅಡಿಗೆ. ಆ ಗೆರೆಯನ್ನೇ ಬಳಸಿದರೆ ಆಟ ನಿಯಮಬದ್ಧವಾಗದು. ಟೇಪ್ ಅಂಟಿಸಿ ಹೊಸ ಗೆರೆ ಎಳೆಯಬೇಕು.

ಈ ಪಟ್ಟಿಗೆ ಆಟಗಾರರು ‘ಕಿಚನ್’ ಎನ್ನುತ್ತಾರೆ. ಇದರೊಳಗೆ ಅಥವಾ ಇದರ ಗೆರೆಯ ಮೇಲೆ ನಿಂತು ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಹೊರಗೆ ನಿಂತು ಹೊಡೆದ ಬಳಿಕ ಓಟದ ರಭಸಕ್ಕೆ ಕಾಲು ಒಳಗೆ ಬಿದ್ದರೂ ತಪ್ಪೇ. ಚೆಂಡು ಪುಟಿದಿದ್ದರೆ ಮಾತ್ರ ಒಳಹೋಗಿ ಆಡಬಹುದು.

ಸರ್ವ್ ಕರ್ಣರೇಖೆಯಲ್ಲಿ, ಕೆಳಗೈಯಿಂದ, ಅವಕಾಶ ಒಂದೇ. ಚೆಂಡು ಕಿಚನ್ ದಾಟಿ ಬೀಳಬೇಕು. ಸರ್ವ್ ಸ್ವೀಕರಿಸುವವರು ಚೆಂಡು ಒಮ್ಮೆ ಪುಟಿಯುವವರೆಗೆ ಕಾಯಬೇಕು. ಅವರು ಹಿಂದಿರುಗಿಸಿದ ಚೆಂಡನ್ನು ಸರ್ವ್ ಮಾಡಿದ ಜೋಡಿಯೂ ಪುಟಿದ ನಂತರವೇ ಆಡಬೇಕು. ಗಾಳಿಯಲ್ಲಿ ಹೊಡೆಯುವ ಸ್ವಾತಂತ್ರ್ಯ ಆ ಬಳಿಕವೇ.

ಮೂರು ಸಂಖ್ಯೆಗಳ ಸ್ಕೋರ್

ಸಾಂಪ್ರದಾಯಿಕ ಪದ್ಧತಿಯಲ್ಲಿ ಸರ್ವ್ ಮಾಡುವವರಿಗಷ್ಟೇ ಅಂಕ. ಮೊದಲು 11 ಅಂಕ ಗಳಿಸಿದವರು ಗೇಮ್ ಗೆಲ್ಲುತ್ತಾರೆ. ಎರಡು ಅಂಕಗಳ ಅಂತರ ಕಡ್ಡಾಯ. ಡಬಲ್ಸ್‌ನಲ್ಲಿ ಸರ್ವ್‌ಗೆ ಮುನ್ನ ಮೂರು ಸಂಖ್ಯೆಗಳನ್ನು ಕೂಗಿ ಹೇಳಬೇಕು: ತಮ್ಮ ಅಂಕ, ಎದುರಾಳಿಯ ಅಂಕ, ಸರ್ವ್ ಮಾಡುತ್ತಿರುವವರು ಮೊದಲನೆಯವರೋ ಎರಡನೆಯವರೋ ಎಂಬುದು.

ಯಲಹಂಕದ ಜೋಡಿ ಯಶವಂತಪುರದ ಜೋಡಿಯ ವಿರುದ್ಧ ‘5-3-1’ ಎಂದು ಕೂಗಿ ಸರ್ವ್ ಮಾಡಿತೆಂದು ಭಾವಿಸೋಣ. ರ್‍ಯಾಲಿ ಗೆದ್ದರೆ 6-3-1. ಜೊತೆಗಾರರಿಬ್ಬರೂ ಬದಿ ಬದಲಿಸುತ್ತಾರೆ, ಅದೇ ಆಟಗಾರ ಮತ್ತೆ ಸರ್ವ್ ಮಾಡುತ್ತಾನೆ. ಸೋತರೆ ಯಶವಂತಪುರಕ್ಕೆ ಅಂಕವಿಲ್ಲ. 5-3-2 ಎಂದು ಕೂಗಿ ಯಲಹಂಕದ ಎರಡನೆಯವನು ಸರ್ವ್ ಮಾಡುತ್ತಾನೆ. ಅವನೂ ಸೋತರೆ ಸರ್ವ್ ಯಶವಂತಪುರದ ಪಾಲು, ಸ್ಕೋರ್ 3-5-1. ಗೇಮ್‌ನ ಆರಂಭದಲ್ಲಿ ಮಾತ್ರ, ಮೊದಲು ಸರ್ವ್ ಪಡೆದವರಿಗೆ ಅತಿಯಾದ ಲಾಭ ಆಗದಂತೆ, ಒಬ್ಬರಿಗಷ್ಟೇ ಅವಕಾಶ. ಆದ್ದರಿಂದ ಆಟ ಶುರುವಾಗುವುದೇ 0-0-2 ಎಂದು.

ಪ್ರತಿ ರ್‍ಯಾಲಿಗೂ ಅಂಕ ನೀಡುವ ಮತ್ತೊಂದು ಪದ್ಧತಿಯೂ ಇದೆ. ಗೇಮ್ ಎಷ್ಟು ಹೊತ್ತು ಹಿಡಿಯುತ್ತದೆಂದು ಇದರಲ್ಲಿ ಹೆಚ್ಚು ಖಚಿತವಾಗಿ ಅಂದಾಜಿಸಬಹುದು. ಎರಡೇ ಅಂಕಣಗಳಲ್ಲಿ ಹತ್ತಾರು ಪಂದ್ಯ ಮುಗಿಸಬೇಕಾದ ಕಾಲೇಜಿಗೆ ಇದು ಅನುಕೂಲ. ಯಾವ ಪದ್ಧತಿ ಎಂಬುದನ್ನು ಟೂರ್ನಿಗೆ ಮೊದಲೇ ಪ್ರಕಟಿಸದಿದ್ದರೆ ಜಗಳ ಖಚಿತ.

ನಾಲ್ವರ ತಂಡ

ಅಮೆರಿಕದ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ತಂಡ ಮಾದರಿಯಲ್ಲಿ ಇಬ್ಬರು ಯುವಕರು, ಇಬ್ಬರು ಯುವತಿಯರು. ಪುರುಷರ ಡಬಲ್ಸ್ ಒಂದು, ಮಹಿಳೆಯರ ಡಬಲ್ಸ್ ಒಂದು, ಮಿಶ್ರ ಡಬಲ್ಸ್ ಎರಡು. ನಾಲ್ಕಕ್ಕೂ ಸಮಾನ ಬೆಲೆ. ಫಲಿತಾಂಶ 2-2 ಆದರೆ ನಾಲ್ವರೂ ಸರದಿಯಂತೆ ಸಿಂಗಲ್ಸ್ ಆಡುವ ನಿರ್ಣಾಯಕ ಸುತ್ತು.

ಈ ಲೆಕ್ಕದ ಪರಿಣಾಮ ದೊಡ್ಡದು. ನಾಲ್ಕು ಪಂದ್ಯಗಳ ಪೈಕಿ ಮೂರರಲ್ಲಿ ಯುವತಿಯರು ಅಂಕಣದಲ್ಲಿರುತ್ತಾರೆ. ನಮ್ಮ ಅಂತರ ಕಾಲೇಜು ಬ್ಯಾಡ್ಮಿಂಟನ್‌ನಲ್ಲಿ ಪುರುಷರ ಮತ್ತು ಮಹಿಳೆಯರ ತಂಡ ಸ್ಪರ್ಧೆಗಳು ಬೇರೆ ಬೇರೆ. ಒಂದರ ಸೋಲು ಮತ್ತೊಂದನ್ನು ತಟ್ಟುವುದಿಲ್ಲ. ಇಲ್ಲಿ ಹಾಗಲ್ಲ. ಇಬ್ಬರು ಬಲಿಷ್ಠ ಯುವಕರನ್ನಷ್ಟೇ ತಯಾರು ಮಾಡಿದ ಕಾಲೇಜಿಗೆ ಖಾತರಿಯಾಗಿ ಸಿಗಬಹುದಾದದ್ದು ಒಂದೇ ಪಂದ್ಯ. ಸಂಜೆಯ ಅಭ್ಯಾಸದ ವೇಳೆಯನ್ನು ವಿದ್ಯಾರ್ಥಿನಿಯರಿಗೂ ಸಮನಾಗಿ ಹಂಚದ ತಂಡ ಈ ಮಾದರಿಯಲ್ಲಿ ಬಹುದೂರ ಸಾಗದು.

ಗೆರೆಯ ತೀರ್ಪು

ರೆಫರಿ ಇಲ್ಲದ ಪಂದ್ಯಗಳಲ್ಲಿ ತಮ್ಮ ಬದಿಯ ಗೆರೆಯ ತೀರ್ಪನ್ನು ಆಟಗಾರರೇ ನೀಡಬೇಕು. ಚೆಂಡು ಒಳಗೋ ಹೊರಗೋ ಎಂಬ ಅನುಮಾನವಿದ್ದರೆ ಲಾಭ ಎದುರಾಳಿಗೆ ಎನ್ನುತ್ತದೆ ನಿಯಮ. ಸ್ಕೋರ್ 10-10 ಆಗಿ, ಗೆಳೆಯರೆಲ್ಲ ಸುತ್ತ ನಿಂತು ಕೂಗುತ್ತಿರುವಾಗ, ಕಾಣದ ಚೆಂಡನ್ನು ‘ಒಳಗೆ’ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಹೊಸ ಆಟಗಾರರಿಗೆ ಕಿಚನ್‌ಗಿಂತಲೂ ಕಷ್ಟದ ನಿಯಮ ಬಹುಶಃ ಇದೇ.