ಕಾಚಿಗುಡದಿಂದ ಚಂದ್ರಶಿಲೆಗೆ

ಆಷಾಢದ ಮಳೆ ಕಾಚಿಗುಡದ ಗಲ್ಲಿಗಳನ್ನು ತೊಯ್ಸಿ ಈಗಷ್ಟೇ ನಿಂತಿದೆ. 1916ರಲ್ಲಿ ನಿಜಾಮರ ಕಾಲದಲ್ಲಿ ಕಟ್ಟಿದ ಗುಮ್ಮಟದ ರೈಲು ನಿಲ್ದಾಣದ ಸದ್ದು, ಇರಾನಿ ಹೋಟೆಲಿನ ಕಪ್ಪುಬಸಿಗಳ ಕಿಣಿಕಿಣಿ, ಆಟೋದವರ ತೆಲುಗು-ಉರ್ದು ಬೆರೆತ ಜಗಳ ಎಲ್ಲವೂ ಮೆಟ್ಟಿಲೇರಿ ಮೊದಲ ಮಹಡಿಯ ಪಡಸಾಲೆಗೆ ಬರುತ್ತವೆ. ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಇರುವ ಬಡಾವಣೆ ಇದು. 1956ಕ್ಕೆ ಮುಂಚೆ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಆಗ ಓದಿಗೋ ನೌಕರಿಗೋ ಬಂದು ಇಲ್ಲೇ ಬೇರುಬಿಟ್ಟ ಮನೆತನಗಳಲ್ಲಿ ಈ ಮನೆಯದೂ ಒಂದು.

ಪಡಸಾಲೆಯ ನಡುವೆ ಗಢವಾಲದ ನಕ್ಷೆ ಹಾಸಿದೆ. ಅದರ ಒಂದು ಮೂಲೆಯ ಮೇಲೆ ಉಸ್ಮಾನಿಯಾ ಬಿಸ್ಕತ್ತಿನ ಡಬ್ಬಿ, ಇನ್ನೊಂದರ ಮೇಲೆ ಸುಸಲಾದ ಪರಾತ. ಸುತ್ತ ಕೂತವರು ಐದು ಜನ: ಬ್ಯಾಂಕಿನಿಂದ ನಿವೃತ್ತರಾದ ಕಾಕಾ, ಮೊಣಕಾಲು ನೋವಿನ ವೈನಿ, ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅವರ ಮಗಳು, ಏಳನೆಯ ತರಗತಿಯ ಮೊಮ್ಮಗ, ಎದುರುಮನೆಯ ತೆಲುಗು ಟೀಚರಮ್ಮ. ಹಿಮಾಲಯದಲ್ಲಿ ಯಾರೂ ನಡೆದವರಲ್ಲ. ಇವರು ಹುಟ್ಟಿ ಬೆಳೆದ ಊರು ಸಮುದ್ರಮಟ್ಟದಿಂದ ಐನೂರ ನಲವತ್ತು ಮೀಟರಿನ ಆಸುಪಾಸು; ನೋಡಿದ ದೊಡ್ಡ ಗುಡ್ಡವೆಂದರೆ ಗೋಲ್ಕೊಂಡ. ಗೋಡೆಗೊರಗಿ ಕೂತ ಅಜ್ಜಿಗೆ ಹೋಗುವ ಉಮೇದಿಲ್ಲ, ಕೇಳುವ ಉಮೇದಿದೆ.

ಕಾಕಾ ಫೋನಿನಲ್ಲಿ ಕೇದಾರಕಂಠದ ವಿಡಿಯೊ ತೆರೆದು ಎಲ್ಲರ ಕೈಗೂ ದಾಟಿಸುತ್ತಾರೆ. ಹಿಮದ ಇಳಿಜಾರು, ಹಣೆದೀಪಗಳ ಸಾಲು, ತುದಿಯಲ್ಲಿ ಸೂರ್ಯೋದಯ. ಉತ್ತರಕಾಶಿ ಜಿಲ್ಲೆಯ ಸಾಂಕ್ರಿಯಿಂದ ಏರುವ ಈ ಹನ್ನೆರಡೂವರೆ ಸಾವಿರ ಅಡಿಯ ಶಿಖರ ಹೊಸಬರಿಗೆ ಹೇಳಿಮಾಡಿಸಿದ್ದು ಎಂದು ಎಲ್ಲರೂ ಅನ್ನುತ್ತಾರೆ. ವೈನಿ ವಿಡಿಯೊ ಪೂರ್ತಿ ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ: "ರಾತ್ರಿ ಮಲಗೂದು ಎಲ್ಲಿ?"

ಕೇದಾರಕಂಠ ಕೈಬಿಟ್ಟದ್ದು ಆ ಪ್ರಶ್ನೆಯಿಂದಲೇ. ಅಲ್ಲಿ ರಾತ್ರಿ ಕಳೆಯುವುದು ಹಿಮದ ಮೇಲಿನ ಡೇರೆಯಲ್ಲಿ, ಸುಮಾರು ಮೂರು ಸಾವಿರದ ನಾನೂರು ಮೀಟರ್ ಎತ್ತರದಲ್ಲಿ. ಮಗಳು ಬೆರಳನ್ನು ನಕ್ಷೆಯ ಮೇಲೆ ಪೂರ್ವಕ್ಕೆ ಜಾರಿಸುತ್ತಾಳೆ. ರುದ್ರಪ್ರಯಾಗ ಜಿಲ್ಲೆ. ಮಂದಾಕಿನಿಯ ಕಣಿವೆ. ಉಖೀಮಠ, ಸಾರಿ ಎಂಬ ಹಳ್ಳಿ, ದೇವರಿಯಾ ತಾಲ್ ಎಂಬ ಕೆರೆ, ಚೋಪ್ತಾ, ತುಂಗನಾಥ, ಅದರ ನೆತ್ತಿಯ ಮೇಲೆ ಚಂದ್ರಶಿಲಾ. ತುದಿಯ ಎತ್ತರ ಹನ್ನೆರಡು ಸಾವಿರ ಅಡಿ ದಾಟುತ್ತದೆ, ಆದರೆ ಮಲಗುವ ಜಾಗಗಳೆಲ್ಲ ಕೆಳಗಿವೆ: ಸಾರಿ ಎರಡು ಸಾವಿರ ಮೀಟರಿನ ಸುಮಾರು, ಚೋಪ್ತಾ ಎರಡು ಸಾವಿರದ ಏಳುನೂರರ ಸುಮಾರು. ಎರಡೂ ಕಡೆ ತಲೆಯ ಮೇಲೆ ಸೂರು ಉಂಟು. ಚೋಪ್ತಾದಿಂದ ತುಂಗನಾಥಕ್ಕೆ ಕಲ್ಲು ಹಾಸಿದ ದಾರಿ. ಪಂಚಕೇದಾರಗಳಲ್ಲಿ ಎಲ್ಲಕ್ಕಿಂತ ಎತ್ತರದ ಗುಡಿಗೆ ತಲೆಮಾರುಗಳಿಂದ ಮುದುಕರೂ ಮಕ್ಕಳೂ ಏರಿದ ದಾರಿ. ಕಾಲು ಸೋತರೆ ಕುದುರೆ ಸಿಗುತ್ತದೆ.

"ಉಖೀಮಠ ಅಂದ್ರಲ್ಲ," ಅಜ್ಜಿ ಗೋಡೆ ಬಿಟ್ಟು ಮುಂದಕ್ಕೆ ಬರುತ್ತಾರೆ. ಅವರಿಗದು ಗೊತ್ತಿರುವ ಹೆಸರು. ಕೇದಾರನಾಥದ ಬಾಗಿಲು ಚಳಿಗಾಲಕ್ಕೆ ಮುಚ್ಚಿದಾಗ ಪೂಜೆ ನಡೆಯುವುದು ಉಖೀಮಠದ ಓಂಕಾರೇಶ್ವರ ಗುಡಿಯಲ್ಲಿ. ಕೇದಾರದ ರಾವಲರು, ಅಂದರೆ ಮುಖ್ಯ ಅರ್ಚಕರು, ವೀರಶೈವ ಪಂಚಪೀಠಗಳಲ್ಲೊಂದರ ಪರಂಪರೆಯವರು, ಅವರ ಕೈಕೆಳಗಿನ ಅರ್ಚಕರೂ ನಮ್ಮ ಕಡೆಯಿಂದ ಹೋದ ಜಂಗಮರು. "ಅಲ್ಲಿ ಕನ್ನಡ ಮಾತಾಡವ್ರು ಸಿಗ್ತಾರ. ಅಲ್ಲೇ ಹೋಗ್ರಿ." ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ಕಳೆಯುವ ಕೆಲಸ ಇಲ್ಲಿಂದ ಶುರು. ದೇವರಿಯಾ ತಾಲ್‌ನಿಂದ ರೋಹಿಣಿ ಬುಗ್ಯಾಲಿನ ಮೇಲೆ ಹಾಯ್ದು ಕಾಡಿನೊಳಗೇ ಚೋಪ್ತಾ ಸೇರುವ ದಾರಿಯಿದೆ. ಇಡೀ ದಿನದ ನಡಿಗೆ. ಕಾಕಾನಿಗೆ ಅದು ಬೇಕು. ವೈನಿಯ ಮೊಣಕಾಲಿಗೆ ಬೇಡ. ಅದನ್ನು ಹೊಡೆದುಹಾಕಿ, ಸಾರಿಯಿಂದ ಕೆರೆಗೆ ಹೋಗಿ ಅಲ್ಲಿಗೇ ಮರಳುವುದು, ಮರುದಿನ ಚೋಪ್ತಾಕ್ಕೆ ಜೀಪು ಎಂದು ಬರೆದುಕೊಳ್ಳುತ್ತಾರೆ. ಕೆರೆಯಂಚಿನಲ್ಲಿ ಡೇರೆ ಹಾಕಿ ನೀರಿನಲ್ಲಿ ಚೌಖಂಬಾದ ನೆರಳು ನೋಡುವ ಮೊಮ್ಮಗನ ಆಸೆಗೂ ಗೀಟು ಬೀಳುತ್ತದೆ. ಬುಗ್ಯಾಲ್‌ಗಳ ಮೇಲೆ, ಅಂದರೆ ಎತ್ತರದ ಹುಲ್ಲುಗಾವಲುಗಳ ಮೇಲೆ, ರಾತ್ರಿ ಬೀಡುಬಿಡುವುದನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ನಿಷೇಧಿಸಿತು. ಡೇರೆಯ ಗೂಟ, ಕಸ, ಕಾಲ್ತುಳಿತಕ್ಕೆ ಆ ತೆಳುಮಣ್ಣು ತಡೆಯುವುದಿಲ್ಲ. ಕೆರೆಯ ಸುತ್ತಲೂ ಅದೇ ಶಿಸ್ತು ಇರಲಿ ಎಂದು ಮಗಳು ಹಟ ಹಿಡಿದಳು. 7,138 ಮೀಟರಿನ ಚೌಖಂಬಾವನ್ನು ಬೆಳಗಿನ ಹೊತ್ತು ಹೋಗಿ ನೋಡಿದರೂ ಅದು ಅಷ್ಟೇ ದೊಡ್ಡದು.

ತಿಂಗಳು ಯಾವುದು? ಏಪ್ರಿಲ್‌ನಲ್ಲಿ ಬುರಾಂಶ್ ಹೂಬಿಟ್ಟು ಕಾಡೆಲ್ಲ ಕೆಂಪು. ಆದರೆ ಆಗ ಪರೀಕ್ಷೆ. ಮೇ-ಜೂನ್‌ನಲ್ಲಿ ಚಾರ್‌ಧಾಮ ಯಾತ್ರೆಯ ಬಸ್ಸುಗಳಿಂದ ಋಷಿಕೇಶದ ರಸ್ತೆ ಕಿಕ್ಕಿರಿದಿರುತ್ತದೆ. ಜುಲೈ-ಆಗಸ್ಟ್‌ನಲ್ಲಿ ಗುಡ್ಡ ಕುಸಿಯುತ್ತದೆ, ಜಿಗಣೆ ಹತ್ತುತ್ತದೆ. ಚಳಿಗಾಲದಲ್ಲಿ ತುಂಗನಾಥನೇ ಕೆಳಗಿನ ಮಕ್ಕೂಮಠಕ್ಕೆ ಇಳಿದಿರುತ್ತಾನೆ. ಉಳಿದದ್ದು ಮಳೆ ತೊಳೆದು ಆಕಾಶ ತಿಳಿಯಾಗುವ ಅಕ್ಟೋಬರ್. ತೆಲಂಗಾಣದ ಶಾಲೆಗಳಿಗೆ ದಸರಾ ರಜೆ ಉದ್ದ. ಆದರೆ ಅದೇ ಬತುಕಮ್ಮನ ಹೂಹಬ್ಬದ ಕಾಲ. ಟೀಚರಮ್ಮನ ಮುಖ ಒಂದು ಕ್ಷಣ ಬಾಡುತ್ತದೆ. ತಂಗಡಿ ಹೂವೂ ಗುನುಗು ಹೂವೂ ಸಾರಿಯಲ್ಲಿ ಸಿಗುವುದಿಲ್ಲ. "ಚೆಂಡುಹೂವು ಸಿಗಲ್ವಾ? ಸಿಕ್ಕಿದ್ದರಲ್ಲೇ ಬತುಕಮ್ಮ ಮಾಡೋಣ" ಎಂದು ತಾವೇ ದಾರಿ ಕಾಣುತ್ತಾರೆ, ತಮ್ಮ ತೆಲುಗು ಸೊಗಡಿನ ಕನ್ನಡದಲ್ಲಿ.

ರೈಲಿನ ಟಿಕೆಟ್ಟು ಅರವತ್ತು ದಿನ ಮುಂಚೆ, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಆ ದಿನ ಮನೆಯಲ್ಲಿ ಪೂಜೆಯೂ ತಡ, ಚಹಾವೂ ತಡ. ಎಲ್ಲರ ಕೈಯಲ್ಲೂ ಫೋನು. ನಾಂಪಲ್ಲಿಯಿಂದ ಬೆಳಗಿನ ಜಾವ ಹೊರಡುವ ತೆಲಂಗಾಣ ಎಕ್ಸ್‌ಪ್ರೆಸ್ ಮರುದಿನ ಬೆಳಿಗ್ಗೆ ದಿಲ್ಲಿ ಮುಟ್ಟಿಸುತ್ತದೆ. ವಿಮಾನದಲ್ಲಿ ಹೋದರೆ ಸಮಯ ಉಳಿಯುತ್ತದಲ್ಲ ಎಂದರೆ ಕಾಕಾ ತಲೆಯಾಡಿಸುತ್ತಾರೆ. ಬಯಲಿನಿಂದ ಹಾರಿ ಅದೇ ಸಂಜೆ ಬೆಟ್ಟದ ಮೇಲೆ ಮಲಗಿದರೆ ಮೈಗೆ ಗೊತ್ತಾಗುವುದು ತಡವಾಗಿ. ದಿಲ್ಲಿಯಿಂದ ಋಷಿಕೇಶ, ಅಲ್ಲಿಂದ ಅಲಕನಂದಾ-ಭಾಗೀರಥಿ ಕೂಡುವ ದೇವಪ್ರಯಾಗ, ಅಲಕನಂದಾ-ಮಂದಾಕಿನಿ ಕೂಡುವ ರುದ್ರಪ್ರಯಾಗ, ಆಮೇಲೆ ಉಖೀಮಠ: ಋಷಿಕೇಶದಿಂದಾಚೆ ಪೂರ್ತಿ ಒಂದು ಹಗಲಿನ ಜೀಪು ದಾರಿ. ಅಲ್ಲಿ ವಾಂತಿ ಬರುವುದು ಎತ್ತರದಿಂದಲ್ಲ, ತಿರುವುಗಳಿಂದ.

ಮಗಳು ಒಂದು ಹಾಳೆಯಲ್ಲಿ ಎರಡು ಸಾಲು ಮಾಡುತ್ತಾಳೆ: ಹಗಲು ಏರುವ ಎತ್ತರ, ರಾತ್ರಿ ಮಲಗುವ ಎತ್ತರ. ಚಂದ್ರಶಿಲೆಯ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇಕಡ ಇಪ್ಪತ್ತೊಂದೇ, ಕಾಚಿಗುಡದಲ್ಲಿ ಇದ್ದಷ್ಟೇ. ಇಳಿಯುವುದು ಗಾಳಿಯ ಒತ್ತಡ. ಹಾಗಾಗಿ ಇಲ್ಲಿ ಒಂದು ಉಸಿರಿಗೆ ದಕ್ಕುವುದರ ಮೂರನೇ ಎರಡು ಪಾಲಷ್ಟೇ ಅಲ್ಲಿ ದಕ್ಕುತ್ತದೆ. ಎರಡೂವರೆ ಸಾವಿರ ಮೀಟರ್ ದಾಟಿದ ಮೇಲೆ ತಲೆನೋವು, ಓಕರಿಕೆ, ನಿದ್ದೆ ಹತ್ತದಿರುವುದು ಯಾರನ್ನೂ ಹಿಡಿಯಬಹುದು. ದಿನಾ ಓಡುವ ಇಪ್ಪತ್ತರ ಹುಡುಗನನ್ನು ಕೂಡ. ಬೆಟ್ಟದವರ ಮದ್ದು ಹಳೆಯದು: ಎತ್ತರ ಹತ್ತು, ತಗ್ಗಿನಲ್ಲಿ ಮಲಗು. ಈ ಮಂದಿಯ ಹಾಳೆಯಲ್ಲಿ ಮೂರು ಸಾವಿರ ಮೀಟರಿನ ಮೇಲೆ ಒಂದು ರಾತ್ರಿಯೂ ಇಲ್ಲ. ವೈನಿಯ ರಕ್ತದೊತ್ತಡದ ಗುಳಿಗೆ ನೋಡಿ, ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಗುಳಿಗೆ ಬೇಕೋ ಬೇಡವೋ ಎಂದು ಡಾಕ್ಟರೇ ಹೇಳಲಿ ಎಂದು ಒಂದು ಸಂಜೆಯನ್ನು ಅದಕ್ಕೇ ತೆಗೆದಿಟ್ಟಿದ್ದಾರೆ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಬೇಕಾಗುತ್ತದೆ.

ಆಮೇಲಿನ ಭಾನುವಾರಗಳು ಬಂಡೆಗಳ ಪಾಲು. ದಖ್ಖನಿನ ಈ ಗ್ರಾನೈಟ್ ಕಲ್ಲಿಗೆ ಇನ್ನೂರೈವತ್ತು ಕೋಟಿ ವರ್ಷ; ಹಿಮಾಲಯ ಅದರ ಮುಂದೆ ನಿನ್ನೆ ಮೊನ್ನೆಯ ಕೂಸು. ವಾರದ ದಿನಗಳಲ್ಲಿ ಜುಬಿಲಿ ಹಿಲ್ಸ್‌ನ ಕೆಬಿಆರ್ ಉದ್ಯಾನದ ಸುತ್ತು, ನವಿಲಿನ ಕೂಗಿನ ನಡುವೆ. ಕೆಲವು ಭಾನುವಾರ ಗೋಲ್ಕೊಂಡ: ಫತೇ ದರ್ವಾಜಾದಲ್ಲಿ ಚಪ್ಪಾಳೆ ತಟ್ಟಿ, ಬಾಲಾ ಹಿಸಾರ್‌ವರೆಗಿನ ಮುನ್ನೂರರವತ್ತು ಮೆಟ್ಟಿಲು ಏರಿ, ಇಳಿದು, ಮತ್ತೆ ಏರುವುದು. ನಿಯಮ ಒಂದೇ: ಮಾತಾಡುತ್ತ ನಡೆಯಲಾಗದಷ್ಟು ಬೇಗ ನಡೆಯಬಾರದು. ಕಾಕಾನ ಮಾತು ನೂರನೇ ಮೆಟ್ಟಿಲಿಗೇ ನಿಂತಿತು. ವೈನಿ ಮಾತ್ರ ಸೊಸೆಯಂದಿರ ಸುದ್ದಿ ಹೇಳುತ್ತ ಹೇಳುತ್ತ ಮೇಲೆ ತಲುಪಿದ್ದರು.

ದೊಡ್ಡ ಪರೀಕ್ಷೆ ಭುವನಗಿರಿ. ಉಪ್ಪಲ್, ಘಟ್ಕೇಸರ್, ಬೀಬಿನಗರ ದಾಟಿ ವರಂಗಲ್ ದಾರಿಯಲ್ಲಿ ಐವತ್ತು ಕಿಲೋಮೀಟರ್ ಹೋದರೆ ಬಯಲಿನಿಂದ ಒಮ್ಮೆಲೇ ಎದ್ದು ನಿಂತ ಒಂದೇ ಕಲ್ಲು, ಐನೂರು ಅಡಿ. ನೆತ್ತಿಯ ಮೇಲೆ ಕೋಟೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ತನ್ನ ತ್ರಿಭುವನಮಲ್ಲ ಎಂಬ ಬಿರುದನ್ನೇ ಈ ಗಿರಿಗೆ ಇಟ್ಟ. ಇಂದಿನ ಬಸವಕಲ್ಯಾಣದಿಂದ ಆಳಿದವನ ಕೋಟೆಗೆ ಕನ್ನಡದ ಮನೆಯವರು ಕಾಲು ಹದಮಾಡಿಕೊಳ್ಳಲು ಬಂದಿದ್ದಾರೆ. ಕಲ್ಲು ಕಡಿದು ಮಾಡಿದ ಮೆಟ್ಟಿಲುಗಳ ಬದಿಯಲ್ಲಿ ಮಳೆನೀರು ಇಳಿದ ಕಪ್ಪು ಗೆರೆ, ಬಂಡೆಯ ಬೆನ್ನಿನ ಮೇಲೆ ಹಸಿರು ಪಾಚಿ, ತಗ್ಗುಗಳಲ್ಲಿ ನಿಂತ ನೀರಿನಲ್ಲಿ ಮೋಡ. ಕೆಳಗೆ ಹಗ್ಗ ಕಟ್ಟಿಕೊಂಡ ಹುಡುಗ ಹುಡುಗಿಯರು ಬಂಡೆಗೆ ಅಂಟಿ ಹತ್ತುತ್ತಿದ್ದಾರೆ. ಇದೇ ಬಂಡೆಯ ಮೇಲೆ ಮೊದಲ ಪಾಠ ಕಲಿತ ನಿಜಾಮಾಬಾದ್ ಕಡೆಯ ಪಾಕಾಲ ಎಂಬ ಹಳ್ಳಿಯ ಮಾಲಾವತ್ ಪೂರ್ಣಾ, 2014ರ ಮೇ 25ರಂದು ಎವರೆಸ್ಟ್ ಏರಿದಳು. ಆಗ ಅವಳಿಗೆ ಹದಿನಾಲ್ಕು ತುಂಬಿರಲಿಲ್ಲ. ಸರಕಾರದ ವಸತಿಶಾಲೆಯ ಹುಡುಗಿ. ಇಲ್ಲಿಂದ ಅವಳು ನೇರ ಎವರೆಸ್ಟಿಗೆ ಹೋಗಲಿಲ್ಲ. ಡಾರ್ಜಿಲಿಂಗಿನ ತರಬೇತಿ ಸಂಸ್ಥೆ, ಲಡಾಖಿನ ಚಳಿ ಎಲ್ಲ ದಾಟಿ ಹೋದಳು ಎಂಬುದನ್ನು ಟೀಚರಮ್ಮ ಮೊಮ್ಮಗನಿಗೆ ಒತ್ತಿ ಹೇಳುತ್ತಾರೆ.

ಕಾಕಾ ಬಂಡೆಯ ಮೇಲೆ ಕೂತು ಲೆಕ್ಕ ಹಾಕುತ್ತಾರೆ. ಚೋಪ್ತಾದಿಂದ ಚಂದ್ರಶಿಲೆಗೆ ಸಾವಿರ ಮೀಟರಿನಷ್ಟು ಏರು. ಅಂದರೆ ಈ ಭುವನಗಿರಿಯನ್ನು ಒಂದೇ ಬೆಳಿಗ್ಗೆ ಆರೇಳು ಸಲ ಹತ್ತಿದಷ್ಟು. ಇಳಿಯುವುದೂ ಅಷ್ಟೇ. ಹತ್ತುವಾಗ ಎದೆ ಮಾತಾಡುತ್ತದೆ, ಇಳಿಯುವಾಗ ಮೊಣಕಾಲು. ಆ ಲೆಕ್ಕ ಕೇಳಿದ ಮೇಲೆ ವೈನಿಗೆ ಎರಡು ಊರುಗೋಲು, ಎಲ್ಲರಿಗೂ ಕಾಲುಗುರು ಕತ್ತರಿಸುವ ಅಪ್ಪಣೆ. ಇಳಿಜಾರಿನಲ್ಲಿ ಬೆರಳು ಬೂಟಿನ ಮೂತಿಗೆ ಬಡಿಯುತ್ತದೆ. ಬೂಟು ಹೊಸದಾಗಿ ಬೆಟ್ಟಕ್ಕೆ ಹೋಗುವಂತಿಲ್ಲ. ಬಂದ ದಿನದಿಂದಲೇ ಕಾಕಾ ಅದನ್ನು ಹಾಕಿಕೊಂಡು ಸುಲ್ತಾನ್ ಬಜಾರಿಗೆ ತರಕಾರಿ ತರಲು ಹೋಗುತ್ತಾರೆ. ಅಂಗಡಿಯವರು ನಗುತ್ತಾರೆ.

ಸೆಪ್ಟೆಂಬರ್ ಕೊನೆಗೆ ಪಡಸಾಲೆಯಲ್ಲಿ ಚೀಲಗಳ ಸಾಲು, ನಡುವೆ ತೂಕದ ಯಂತ್ರ. ಒಬ್ಬರಿಗೆ ಆರು ಕಿಲೋ, ಅದರ ಮೇಲಿಲ್ಲ. ಮೈಗೆ ಮೂರು ಪದರ: ಬೆವರು ಹಿಡಿದಿಡದ ಒಳಂಗಿ, ನಡುವೆ ಉಣ್ಣೆ, ಹೊರಗೆ ಗಾಳಿ-ಮಳೆ ತಡೆಯುವ ಜಾಕೆಟ್ಟು. ಒದ್ದೆಯಾದರೆ ಒಣಗದ ಹತ್ತಿಯ ಅಂಗಿಗಳು ಕಪಾಟಿಗೆ ವಾಪಸು. ಉಣ್ಣೆಯ ಸ್ವೆಟರುಗಳು ಕಳೆದ ಚಳಿಗಾಲದಲ್ಲಿ ಟಿಬೆಟನ್ನರ ಸಾಲಂಗಡಿಯಲ್ಲಿ ಕೊಂಡವು. ಮಾರಿದಾಕೆ ಮುಂಡಗೋಡದ ಶಿಬಿರದವಳು. ಚೌಕಾಸಿ ನಡೆದದ್ದು ಅಪ್ಪಟ ಉತ್ತರ ಕನ್ನಡದ ಕನ್ನಡದಲ್ಲಿ. ಹಣೆದೀಪ, ಚಳಿಗೆ ಬೇಗ ಖಾಲಿಯಾಗುವ ಫೋನಿಗೆ ಪವರ್ ಬ್ಯಾಂಕ್, ಓಆರ್‌ಎಸ್ ಪುಡಿ, ಕಸ ಹೊತ್ತು ತರಲು ಖಾಲಿ ಚೀಲ. ವೈನಿ ಖಡಕ್ ರೊಟ್ಟಿಯ ದೊಡ್ಡ ಗಂಟನ್ನು ತೂಕಕ್ಕೆ ಇಡುತ್ತಾರೆ, ಮಗಳು ತೆಗೆಯುತ್ತಾಳೆ, ವೈನಿ ಮತ್ತೆ ಇಡುತ್ತಾರೆ. ಕೊನೆಗೆ ರೊಟ್ಟಿ ರೈಲಿಗೆ, ಶೇಂಗಾ ಉಂಡಿ ಬೆಟ್ಟಕ್ಕೆ ಎಂದು ರಾಜಿ.

ಹಾಳೆಯ ಕೆಳಗೆ ಕರಾರುಗಳು. ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಮುಂದೆ, ಹಾಗಾಗಿ ವೈನಿಯೇ ಮುಂದಾಳು; ಕೇದಾರಕಂಠ ಬೇಡಿದ ಕಾಕಾ ಸಾಲಿನ ಕೊನೆಗೆ. ತಲೆನೋವು ಬಂದವರು ಮುಚ್ಚಿಡುವಂತಿಲ್ಲ, ನೋವು ಏರಿದರೆ ಒಬ್ಬರ ಜೊತೆ ಒಬ್ಬರು ಕೆಳಗೆ. ಬೆಳಿಗ್ಗೆ ಹತ್ತಕ್ಕೆ ಎಲ್ಲಿದ್ದರೆ ಅಲ್ಲಿಂದಲೇ ತಿರುಗುವುದು, ಮಧ್ಯಾಹ್ನಕ್ಕೆ ಮೋಡ ಮುಚ್ಚುತ್ತದೆ. "ತುಂಗನಾಥದ ತನಕ ಖಂಡಿತ, ಚಂದ್ರಶಿಲಾ ಆದರೆ" ಎಂಬುದು ಮಗಳ ಕೈಬರಹ. ಜುಲೈಯಲ್ಲಿ ಶುರುವಾದಾಗ ಈ ಹಾಳೆ ಕಿಕ್ಕಿರಿದಿತ್ತು. ಎರಡು ಶಿಖರ, ಒಂದು ಕಾಡುದಾರಿ, ಡೇರೆ, ಮಸ್ಸೂರಿಯ ಸುತ್ತು. ಈಗ ಉಳಿದಿರುವುದು ಒಂದು ಕೆರೆ, ಒಂದು ಗುಡಿ, ಒಂದು ತುದಿ, ಮತ್ತು ಏನೂ ಬರೆಯದ ಒಂದು ದಿನ.

ಹಾಳೆಯ ಪ್ರತಿ ಮನೆಯಲ್ಲಿ ಉಳಿಯುವವರ ಹತ್ತಿರ ಇರಬೇಕು. ಯಾವ ರಾತ್ರಿ ಎಲ್ಲಿ, ಯಾರ ನಂಬರು ಎಂಬುದು ಹೊರಗಿನ ಒಬ್ಬರಿಗೆ ಗೊತ್ತಿರಲೇಬೇಕು. ಅದು ಅಜ್ಜಿಯ ಕೈಗೆ ಬರುತ್ತದೆ. ಕನ್ನಡಕ ಏರಿಸಿ ಸಾಲು ಸಾಲಾಗಿ ಓದುತ್ತಾರೆ.

"ಇದೇನೋ, ಒಂದು ದಿನ ಖಾಲಿ ಬಿಟ್ಟೀರಿ?"

"ಮಳಿ ಬಂದ್ರ ಇರ್ಲಿ ಅಂತವ್ವಾ," ಕಾಕಾ ಹೇಳುತ್ತಾರೆ.

"ಮಳಿ ಬರಲಿಲ್ಲಂದ್ರ?"

"ಉಖೀಮಠದಾಗ ಕೂತು ಕನ್ನಡ ಮಾತಾಡ್ತೀವಿ."

ಅಜ್ಜಿ ಹಾಳೆ ಮಡಚಿ ದಿಂಬಿನ ಕೆಳಗೆ ಇಡುತ್ತಾರೆ. "ಹಂಗಾದ್ರ ಎರಡು ದಿನ ಬಿಡ್ರಿ."