ಸೂಚಿ ಮಿಡಿದ ಕ್ಷಣ

1812ನೆಯ ಇಸವಿಯ ಆರಂಭದಲ್ಲಿ, ಲಂಡನ್ ನಗರದ ಬ್ಲ್ಯಾಂಡ್‌ಫರ್ಡ್ ಬೀದಿಯ ಒಂದು ಪುಸ್ತಕದಂಗಡಿಗೆ ಗಿರಾಕಿಯಾಗಿದ್ದ ವಿಲಿಯಂ ಡ್ಯಾನ್ಸ್ ಎಂಬ ಸಂಗೀತಗಾರನು, ಅಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬನ್ನು ಕಲಿಯುತ್ತಿದ್ದ ಇಪ್ಪತ್ತು ವರ್ಷದ ತರುಣನೊಬ್ಬನಿಗೆ, ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನಸಂಸ್ಥೆಯಲ್ಲಿ ನಡೆಯಲಿದ್ದ ನಾಲ್ಕು ಉಪನ್ಯಾಸಗಳ ಪ್ರವೇಶಪತ್ರಗಳನ್ನು ಕೊಟ್ಟನು. ಕೊಟ್ಟವನ ಪಾಲಿಗೆ ಅದೊಂದು ಸಹಜ ಸೌಜನ್ಯ. ಪಡೆದವನ ಪಾಲಿಗಾದರೋ ಅದು ಬಾಳಿನ ದಿಕ್ಕನ್ನೇ ತಿರುಗಿಸಿದ ಘಟನೆಯಾಯಿತು. ಆ ತರುಣನ ಹೆಸರು ಮೈಕೆಲ್ ಫ್ಯಾರಡೆ.

ಫ್ಯಾರಡೆಯು 1791ರಲ್ಲಿ ಬಡ ಕಮ್ಮಾರನೊಬ್ಬನ ಮಗನಾಗಿ ಜನಿಸಿದನು. ಓದು, ಬರಹ, ಲೆಕ್ಕ ಇವುಗಳ ಪ್ರಾಥಮಿಕ ಪರಿಚಯವನ್ನು ಮೀರಿ ಶಾಲೆಯು ಆತನಿಗೆ ಹೆಚ್ಚೇನನ್ನೂ ಕೊಡಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಏಳು ವರ್ಷಗಳ ಕರಾರಿನ ಮೇಲೆ ರೀಬೋ ಎಂಬ ವ್ಯಾಪಾರಿಯ ಬಳಿ ಕೆಲಸ ಕಲಿಯಲು ಸೇರಿದಾಗ, ರಟ್ಟು ಕಟ್ಟಲೆಂದು ಬಂದ ಪುಸ್ತಕಗಳೇ ಆತನ ವಿದ್ಯಾಲಯವಾದುವು. ಬ್ರಿಟಾನಿಕಾ ವಿಶ್ವಕೋಶದಲ್ಲಿನ ವಿದ್ಯುತ್ತನ್ನು ಕುರಿತ ಲೇಖನವೂ, ಜೇನ್ ಮಾರ್ಸೆಟ್ ಎಂಬ ವಿದುಷಿಯು ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರದ ಪುಸ್ತಕವೂ ಹಾಗೆಯೇ ಕೈಗೆ ಬಂದುವು. ಓದಿದ್ದು ನಿಜವೇ ಎಂದು ಪರೀಕ್ಷಿಸಲು ಆತನು ಬಿಡುವಿನ ವೇಳೆಯಲ್ಲಿ, ತನ್ನ ಅಲ್ಪ ಗಳಿಕೆಗೆ ಎಟುಕುವಷ್ಟು ಸಾಮಗ್ರಿಯಿಂದ ಸಣ್ಣ ಪ್ರಯೋಗಗಳನ್ನು ಮಾಡುತ್ತಿದ್ದನು. ಟೇಟಮ್ ಎಂಬ ಅಧ್ಯಾಪಕನು ಸಂಜೆಯ ಹೊತ್ತು ಕೊಡುತ್ತಿದ್ದ ವಿಜ್ಞಾನೋಪನ್ಯಾಸಗಳಿಗೆ ತಲಾ ಒಂದು ಷಿಲಿಂಗ್ ಶುಲ್ಕವಿದ್ದಿತು. ಆ ಹಣವನ್ನು, ತಂದೆಯ ಕಸುಬನ್ನೇ ಹಿಡಿದಿದ್ದ ಅಣ್ಣ ರಾಬರ್ಟನು ಕೊಟ್ಟನು.

ಡ್ಯಾನ್ಸನ ಕೃಪೆಯಿಂದ ಫ್ಯಾರಡೆಯು ಕೇಳಿದ ಆ ನಾಲ್ಕು ಉಪನ್ಯಾಸಗಳು ಅಂದಿನ ಪ್ರಖ್ಯಾತ ರಸಾಯನಶಾಸ್ತ್ರಜ್ಞನಾದ ಹಂಫ್ರಿ ಡೇವಿಯವು. ಫ್ಯಾರಡೆಯು ಮೇಲಂತಸ್ತಿನ ಆಸನದಲ್ಲಿ ಕುಳಿತು ಟಿಪ್ಪಣಿಗಳನ್ನು ಬರೆದುಕೊಂಡನು. ಮನೆಗೆ ಬಂದು ಅವನ್ನು ವಿಸ್ತರಿಸಿ, ಉಪಕರಣಗಳ ಚಿತ್ರಗಳನ್ನು ಬಿಡಿಸಿ, ಶುದ್ಧಪ್ರತಿಮಾಡಿ, ತಾನು ಕಲಿತಿದ್ದ ಕಸುಬಿನಿಂದಲೇ ಅದನ್ನು ಅಂದವಾದ ಗ್ರಂಥವಾಗಿ ಕಟ್ಟಿದನು. ವಿಜ್ಞಾನಸೇವೆಯ ಯಾವ ಕೆಲಸವಾದರೂ ಸರಿಯೆಂದು ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಅಕ್ಟೋಬರಿನಲ್ಲಿ ಕರಾರಿನ ಅವಧಿಯೂ ಮುಗಿದು, ಬದುಕೆಲ್ಲ ರಟ್ಟು ಕಟ್ಟುವುದರಲ್ಲಿಯೇ ಕಳೆಯುವ ಲಕ್ಷಣಗಳು ಕಾಣಿಸಿದುವು. ಅದೇ ಸಮಯಕ್ಕೆ ಡೇವಿಯು ಸಾರಜನಕ ಮತ್ತು ಕ್ಲೋರಿನ್ನುಗಳ ಒಂದು ಸಂಯುಕ್ತವನ್ನು ಪರೀಕ್ಷಿಸುತ್ತಿದ್ದಾಗ ಅದು ಸಿಡಿದು ಕಣ್ಣಿಗೆ ಗಾಯವಾಯಿತು. ಬರೆದುಕೊಳ್ಳಲು ಒಬ್ಬನು ಬೇಕಾಗಿ, ಕೆಲವು ದಿನಗಳ ಮಟ್ಟಿಗೆ ಫ್ಯಾರಡೆಗೆ ಆ ಕೆಲಸ ದೊರೆಯಿತು. ವರ್ಷಾಂತ್ಯದಲ್ಲಿ ಆತನು ತನ್ನ ಟಿಪ್ಪಣಿಗ್ರಂಥವನ್ನು ಡೇವಿಗೆ ಕಳುಹಿಸಿದನು. ಡೇವಿಯು ಮೆಚ್ಚಿದನಾದರೂ ಕೆಲಸ ಖಾಲಿ ಇರಲಿಲ್ಲ. ಹಿಡಿದ ಕಸುಬನ್ನು ಬಿಡಬೇಡವೆಂಬುದೇ ಆತನ ಹಿತೋಕ್ತಿಯಾಗಿದ್ದಿತು. ಮುಂದೆ ಒಂದೆರಡು ತಿಂಗಳಲ್ಲಿಯೇ ಪ್ರಯೋಗಶಾಲೆಯ ಸಹಾಯಕನೊಬ್ಬನು ಉಪಕರಣ ತಯಾರಕನೊಡನೆ ಹೊಡೆದಾಡಿ ಕೆಲಸ ಕಳೆದುಕೊಂಡನು. ತೆರವಾದ ಆ ಸ್ಥಾನಕ್ಕೆ 1813ರ ಮಾರ್ಚ್ 1ರಂದು, ವಾರಕ್ಕೆ 25 ಷಿಲಿಂಗ್ ವೇತನದ ಮೇಲೆ ಫ್ಯಾರಡೆಯು ನಿಯುಕ್ತನಾದನು.

ಗಿರಾಕಿಯೊಬ್ಬನ ಔದಾರ್ಯ, ಒಂದು ಸ್ಫೋಟ, ಯಾರೋ ಇಬ್ಬರ ಜಗಳ: ಈ ಮೂರರಲ್ಲಿ ಒಂದಕ್ಕೊಂದು ಯಾವ ಸಂಬಂಧವೂ ಇಲ್ಲ. ಇವುಗಳಲ್ಲಿ ಯಾವುದೊಂದು ತಪ್ಪಿದ್ದರೂ ಆತನ ಬಾಳು ಬೇರೆ ದಾರಿ ಹಿಡಿಯುತ್ತಿದ್ದುದು ಸಂಭವನೀಯ. ಆದರೆ ಆ ಸಭಾಂಗಣದಲ್ಲಿ ಅಂದು ಕುಳಿತಿದ್ದವರು ನೂರಾರು ಮಂದಿ. ಕೇಳಿದ್ದನ್ನು ಗ್ರಂಥವನ್ನಾಗಿ ಕಟ್ಟಿ ಕೈಯಲ್ಲಿ ಹಿಡಿದು ಮುಂದಣ ಬಾಗಿಲನ್ನು ತಟ್ಟಿದವನು ಇವನೊಬ್ಬನು. ಆಕಸ್ಮಿಕವು ಕ್ಷಣಮಾತ್ರ ಇದ್ದು ಹೋಗುವಂಥದು. ಅದನ್ನು ಮಾರ್ಗವನ್ನಾಗಿ ಮಾಡುವುದು, ಅದು ಬಂದುಹೋದ ಮೇಲೆ ನಡೆಯುವ ದೀರ್ಘವಾದ ದುಡಿಮೆ.

ಈ ಮಾತಿನ ಸತ್ಯವು ಆತನ ಮಹಾಶೋಧನೆಯಲ್ಲಿಯೇ ಇನ್ನೊಂದು ರೂಪದಲ್ಲಿ ಪ್ರಕಟವಾಯಿತು. 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಎಂಬ ವಿಜ್ಞಾನಿಯು, ವಿದ್ಯುತ್ಪ್ರವಾಹವುಳ್ಳ ತಂತಿಯ ಬಳಿ ಕಾಂತಸೂಚಿಯು ಹೊರಳುವುದನ್ನು ಪ್ರಕಟಿಸಿದನು. ವಿದ್ಯುತ್ತಿನಿಂದ ಕಾಂತಶಕ್ತಿ ಹುಟ್ಟುವುದಾದರೆ ಕಾಂತದಿಂದ ವಿದ್ಯುತ್ತು ಏಕೆ ಹುಟ್ಟಬಾರದೆಂದು ಯೂರೋಪಿನ ವಿಜ್ಞಾನಿಗಳು ಹುಡುಕತೊಡಗಿದರು. ಕಾಂತವನ್ನು ತಂತಿಯ ಬಳಿ ಇಟ್ಟೊಡನೆ ಪ್ರವಾಹವು ಸ್ಥಿರವಾಗಿ ಹರಿಯುವುದೆಂಬುದು ಅವರ ನಿರೀಕ್ಷೆ. ಆ ನಿರೀಕ್ಷೆಯೇ ಅವರ ಕಣ್ಣಿಗೆ ತೆರೆಯಾಯಿತು. 1825ರಲ್ಲಿ ಜಿನೀವಾದ ಕೊಲಾಡಾನನು ತಂತಿಯ ಸುರುಳಿಯೊಳಕ್ಕೆ ಪ್ರಬಲವಾದ ಕಾಂತವನ್ನು ತೂರಿಸಿದನು. ಕಾಂತದ ನೇರ ಪ್ರಭಾವವು ಅಳೆಯುವ ಸೂಚಿಗೆ ತಾಗಬಾರದೆಂಬ ಎಚ್ಚರಿಕೆಯಿಂದ ಆತನು ಪ್ರವಾಹವನ್ನು ತೋರಿಸುವ ಗ್ಯಾಲ್ವನೋಮೀಟರನ್ನು ಬೇರೆ ಕೋಣೆಯಲ್ಲಿಟ್ಟಿದ್ದನು. ತೂರಿಸಿ ಅಲ್ಲಿಗೆ ನಡೆದು ನೋಡುವಷ್ಟರಲ್ಲಿ ಸೂಚಿಯು ತನ್ನ ಸ್ಥಾನದಲ್ಲಿ ನಿಶ್ಚಲವಾಗಿದ್ದಿತು. ಪ್ರಯೋಗವು ಸಫಲವಾಗಿದ್ದಿತು, ಆದರೆ ಆ ಸಫಲತೆಯನ್ನು ನೋಡುವವರಿರಲಿಲ್ಲ. ಅದೇ ವರ್ಷ ಫ್ಯಾರಡೆಯೂ ಯತ್ನಿಸಿ ಏನನ್ನೂ ಕಾಣದೆ ಕೈಬಿಟ್ಟಿದ್ದನು.

1831ರ ಆಗಸ್ಟ್ 29ರಂದು ಆತನು ಆರು ಅಂಗುಲ ವ್ಯಾಸದ ಮೆದು ಕಬ್ಬಿಣದ ಬಳೆಯೊಂದರ ಎರಡು ಪಾರ್ಶ್ವಗಳಿಗೂ ತಾಮ್ರದ ತಂತಿಯ ಸುರುಳಿಗಳನ್ನು ಸುತ್ತಿ, ನಡುನಡುವೆ ನೂಲುಹುರಿ ಮತ್ತು ಬಟ್ಟೆಗಳನ್ನಿಟ್ಟು ಒಂದರ ವಿದ್ಯುತ್ತು ಇನ್ನೊಂದಕ್ಕೆ ಸೋಕದಂತೆ ಮಾಡಿದನು. ಒಂದು ಸುರುಳಿಯ ತಂತಿಯನ್ನು ಮೂರಡಿ ದೂರದಲ್ಲಿದ್ದ ಕಾಂತಸೂಚಿಯ ಮೇಲೆ ಹಾಯಿಸಿ, ಇನ್ನೊಂದನ್ನು ಬ್ಯಾಟರಿಗೆ ಜೋಡಿಸಿದನು. ಜೋಡಿಸಿದ ಕ್ಷಣದಲ್ಲಿ ಸೂಚಿಯು ಮಿಡಿದು, ತೂಗಾಡಿ, ಮತ್ತೆ ಮೊದಲಿನ ಸ್ಥಾನಕ್ಕೆ ಬಂದು ನಿಂತಿತು. ಬ್ಯಾಟರಿಯಲ್ಲಿ ಪ್ರವಾಹವು ಹರಿಯುತ್ತಿದ್ದಷ್ಟು ಕಾಲವೂ ಅದು ಅಲುಗಲಿಲ್ಲ; ಸಂಪರ್ಕವನ್ನು ಕಡಿದಾಗ ಮತ್ತೊಮ್ಮೆ ಮಿಡಿಯಿತು. ಇದರ ಅರ್ಥವನ್ನು ಫ್ಯಾರಡೆಯು ಕೆಲವೇ ವಾರಗಳಲ್ಲಿ ಬಿಡಿಸಿದನು: ತಂತಿಯಲ್ಲಿ ವಿದ್ಯುತ್ತನ್ನು ಪ್ರೇರಿಸುವುದು ಕಾಂತದ ಇರವಲ್ಲ, ತಂತಿಯ ಸುರುಳಿಯನ್ನು ಹಾದುಹೋಗುವ ಕಾಂತಪ್ರಭಾವದಲ್ಲಿ ಉಂಟಾಗುವ ಬದಲಾವಣೆ. ಬದಲಾವಣೆಯು ತ್ವರಿತವಾದಷ್ಟೂ ಪ್ರೇರಣೆಯು ಅಧಿಕ. ಬದಲಾವಣೆ ನಿಂತರೆ ಪ್ರೇರಣೆಯೂ ನಿಲ್ಲುವುದು. ಹಾಗಾದರೆ ಪ್ರವಾಹವು ಕ್ಷಣಿಕವಾಗದೆ ಮುಂದುವರಿಯಲು ಬದಲಾವಣೆಯು ನಿರಂತರವಾಗಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ಆತನು ದೊಡ್ಡ ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯೊಂದನ್ನು ತಿರುಗಿಸುತ್ತ, ಅದರಿಂದ ಎಡೆಬಿಡದ ಪ್ರವಾಹವನ್ನು ಪಡೆದನು. ಕಾಂತದ ನೆರವಿನಿಂದ ವಿದ್ಯುತ್ತನ್ನು ಉತ್ಪಾದಿಸಿದ ಜಗತ್ತಿನ ಮೊಟ್ಟಮೊದಲ ಯಂತ್ರ ಇದೇ.

ಎಪ್ಪತ್ತೊಂದು ವರ್ಷಗಳ ತರುವಾಯ, 1902ರಲ್ಲಿ, ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕುವ ನೀರು ತಿರುಗಿಸಿದ ಯಂತ್ರಗಳು ಇದೇ ತತ್ತ್ವದಿಂದ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಲಪಿಸಿದುವು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು. ನೀರಿನ ರಭಸವಾಗಲಿ, ಕಲ್ಲಿದ್ದಲಿನ ಉಗಿಯಾಗಲಿ, ಗಾಳಿಯಾಗಲಿ, ಯಂತ್ರವನ್ನು ತಿರುಗಿಸಿ ವಿದ್ಯುತ್ತನ್ನು ಪಡೆಯುವೆಡೆಯಲ್ಲೆಲ್ಲ ಇಂದಿಗೂ ದುಡಿಯುತ್ತಿರುವುದು ಅದೇ ನಿಯಮ.

ಕೊಲಾಡಾನನ ಶ್ರದ್ಧೆ ಕಡಿಮೆಯದಾಗಿರಲಿಲ್ಲ. ಆತನ ಎಚ್ಚರಿಕೆಯೂ ಯುಕ್ತವಾದುದೇ. ಸೂಚಿಯು ಮಿಡಿದಾಗ ಆತನು ಅಲ್ಲಿರಲಿಲ್ಲ, ಅಷ್ಟೆ. ಬಾಳಿನಲ್ಲಿಯೂ ಹೀಗೆ ಎಷ್ಟೋ ಸಮರ್ಥರು ಸಮಯಕ್ಕೆ ಸರಿಯಾದೆಡೆಯಲ್ಲಿ ಇಲ್ಲದುದರಿಂದಲೇ ಅಜ್ಞಾತರಾಗಿ ಉಳಿಯುತ್ತಾರೆ. ಆದುದರಿಂದ ಫ್ಯಾರಡೆಯ ಚರಿತ್ರೆಯಿಂದ ಆತನ ಪ್ರತಿಭೆಯನ್ನು ಮಾತ್ರ ಕೊಂಡಾಡಿ ಸುಮ್ಮನಾಗುವುದು ಸಲ್ಲದು. ಓದಲು ಬಿಟ್ಟ ಯಜಮಾನ, ಷಿಲಿಂಗ್ ಕೊಟ್ಟ ಅಣ್ಣ, ಪ್ರವೇಶಪತ್ರ ಕೊಟ್ಟ ಗಿರಾಕಿ, ಜನಸಾಮಾನ್ಯರಿಗೆಂದು ಬರೆದ ಲೇಖಕಿ ಇವರೆಲ್ಲರೂ ಆ ಪ್ರತಿಭೆಯ ಸುತ್ತ ಇದ್ದರು. ಆಕಸ್ಮಿಕವನ್ನು ಯಾರೂ ಆಜ್ಞಾಪಿಸಿ ಕರೆಸಲಾರರು. ಆದರೆ ಅದು ಸಂಭವಿಸಬಹುದಾದ ಸ್ಥಳಗಳನ್ನು ಕಟ್ಟುವುದು ಮನುಷ್ಯರಿಂದ ಸಾಧ್ಯ.

ಇದನ್ನು ಫ್ಯಾರಡೆಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆತನು ತನ್ನ ಸಂಸ್ಥೆಯಲ್ಲಿ ಶುಕ್ರವಾರದ ಸಂಜೆಯ ಉಪನ್ಯಾಸಗಳನ್ನು ನೆಲೆಗೊಳಿಸಿದನು. ಎಳೆಯರಿಗೆಂದು ಏರ್ಪಟ್ಟ ಕ್ರಿಸ್ಮಸ್ ಉಪನ್ಯಾಸಮಾಲೆಗಳಲ್ಲಿ 19ನ್ನು ತಾನೇ ನಡೆಸಿ, ಉರಿಯುವ ಮೇಣದ ಬತ್ತಿಯೊಂದನ್ನೇ ಮುಂದಿಟ್ಟುಕೊಂಡು ರಸಾಯನಶಾಸ್ತ್ರವನ್ನು ಮಕ್ಕಳಿಗೆ ತಿಳಿಸಿದನು. ನಮ್ಮ ಊರುಗಳ ಗ್ರಂಥಾಲಯಗಳೂ, ಶಾಲೆಗಳ ಪ್ರಯೋಗಶಾಲೆಗಳೂ, ಯಾರು ಬೇಕಾದರೂ ಬಂದು ಕುಳಿತು ಕೇಳಬಹುದಾದ ಉಪನ್ಯಾಸಗಳೂ ಅಂಥ ಸ್ಥಳಗಳೇ. ಅಲ್ಲಿಗೆ ಬರುವ ನೂರು ಮಕ್ಕಳಲ್ಲಿ ಯಾರ ಬಾಳು ಯಾವ ಮಾತಿನಿಂದ ತಿರುಗುವುದೆಂದು ಮುಂಚಿತವಾಗಿ ಹೇಳಬಲ್ಲವರಿಲ್ಲ. ಆ ಕಾರಣದಿಂದಲೇ ಅವುಗಳ ಬಾಗಿಲು ನೂರು ಮಕ್ಕಳಿಗೂ ತೆರೆದಿರಬೇಕು.